ಮುಟ್ಟದೆ ಬೀಳಿಸುವ ಕತ್ತಿ

ಹಾಸಿಗೆ ಮಾರುವವನಿಗೆ ಮೊದಲು ಬರಬೇಕಾದ ವಿದ್ಯೆ ಬೀಳುವುದು. ಗಿರಾಕಿ ಬರುತ್ತಾನೆ, ಅಂಗೈಯಲ್ಲಿ ಹಾಸಿಗೆಯನ್ನು ಒತ್ತಿ ನೋಡಿ "ಗಟ್ಟಿ ಆಯ್ತಲ್ರೀ" ಎಂದು ಮೂಗು ಮುರಿಯುತ್ತಾನೆ. ಪಕ್ಕದ್ದನ್ನು ಒತ್ತಿ "ಮೆತ್ತಗಾಯ್ತಲ್ರೀ" ಅನ್ನುತ್ತಾನೆ. ಅಂಥವನ ಮುಂದೆ ಸ್ಪ್ರಿಂಗು, ಫೋಮು ಎಂದು ಗಂಟಲು ಹರಿದುಕೊಂಡರೆ ಗಂಟಲು ಹರಿಯುತ್ತದೆಯೇ ಹೊರತು ಹಾಸಿಗೆ ಹೋಗುವುದಿಲ್ಲ. ಅದಕ್ಕೇ ನಮ್ಮ ಕತೆಯ ಅಳಿಯ ಮಾತು ಬಿಟ್ಟು ಬೀಳುವುದನ್ನು ಹಿಡಿದ. ಗಿರಾಕಿಯ ಕಡೆ ಮುಖ ಮಾಡಿ, ಹಾಸಿಗೆಗೆ ಬೆನ್ನು ಕೊಟ್ಟು, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಿದ್ದ. ಮೀನಖಂಡಕ್ಕೆ ಹಾಸಿಗೆಯ ಅಂಚು ತಾಗಿತೋ ಇಲ್ಲವೋ, ಎರಡೂ ಕೈ ಚಾಚಿ, ತಿರುಗಿಯೂ ನೋಡದೆ ಅಂಗಾತ ಬಿದ್ದುಬಿಡುತ್ತಿದ್ದ. ಒಮ್ಮೆ ಮೇಲೆ ಚಿಮ್ಮಿ, ಮತ್ತೆ ಇಳಿದು, ಮಲಗಿದಲ್ಲಿಂದಲೇ "ಈಗ ಹೇಳಿ ಸಾರ್, ಮನೆಗೆ ಕಳಿಸ್ಲಾ?" ಅನ್ನುತ್ತಿದ್ದ. ಬೇಡ ಅಂದವರು ಕಡಿಮೆ.

ವರ್ಷಗಟ್ಟಲೆ ಹೀಗೆ ಬಿದ್ದೂ ಬಿದ್ದೂ ಅವನ ಮೈಗೆ ಒಂದು ಚಟ ಅಂಟಿಕೊಂಡಿತ್ತು. ಕಾಲಿನ ಹಿಂದೆ ಮೆತ್ತಗಿನದೇನಾದರೂ ತಾಗಿದರೆ ಸಾಕು, ಬುದ್ಧಿಗೆ ಸುದ್ದಿ ಮುಟ್ಟುವ ಮೊದಲೇ ಮೈ ಮಲಗಿರುತ್ತಿತ್ತು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ನಡೆದ ರಾದ್ಧಾಂತಕ್ಕೆಲ್ಲ ಇದೇ ಮೂಲ.

ಅಂಗಡಿ ಅವನದಲ್ಲ, ಮಾವನದು. ಮನೆಯೂ ಮಾವನದೇ. ಮದುವೆಯಾದ ಮೇಲೆ "ಬೇರೆ ಮನೆ ಯಾಕೆ, ಇಷ್ಟು ದೊಡ್ಡ ಮನೆ ಖಾಲಿ ಬಿದ್ದಿದೆ" ಎಂದು ಮಾವ ಅಂದಿದ್ದರು. ಖಾಲಿ ಬಿದ್ದಿದ್ದು ಮಹಡಿಯ ತುದಿಯ ಒಂದು ಕೋಣೆ ಅಷ್ಟೇ. ಅದಕ್ಕೂ ಮಾವನ ಕೋಣೆಗೂ ನಡುವೆ ಒಂದೇ ಗೋಡೆ, ಆ ಗೋಡೆಯೋ ಕಾಗದದಷ್ಟು ತೆಳು. ಗಂಡಹೆಂಡಿರು ಪಿಸುಮಾತಾಡಿದರೆ ಆ ಕಡೆಯಿಂದ "ಇನ್ನೂ ಮಲಗಿಲ್ವಾ?" ಎಂದು ಕೆಮ್ಮಿನ ಜೊತೆ ಪ್ರಶ್ನೆ ಬರುತ್ತಿತ್ತು. ಊಟದ ಮೇಜಿನಲ್ಲಿ ಯಾರು ಎಲ್ಲಿ ಕೂರಬೇಕು, ಫ್ಯಾನು ಎಷ್ಟು ಜೋರಾಗಿ ತಿರುಗಬೇಕು, ಟೀವಿಯಲ್ಲಿ ಏನು ಬರಬೇಕು, ಎಲ್ಲಕ್ಕೂ ಮಾವನ ಅಪ್ಪಣೆಯೇ. ಅಂಗಡಿಯಲ್ಲಿ ಯಜಮಾನರು, ಮನೆಯಲ್ಲೂ ಯಜಮಾನರು. ಅಳಿಯ ಎರಡೂ ಕಡೆ ಅಳಿಯ.

ಅವನ ಹೆಂಡತಿ ಯಜಮಾನರ ಒಬ್ಬಳೇ ಮಗಳು. ಮದುವೆಗೆ ಮೊದಲು ಗಲ್ಲಾದಲ್ಲಿ ಕೂತು ಅಂಗಡಿ ನಡೆಸುತ್ತಿದ್ದವಳು ಅವಳೇ. ಬಾಗಿಲಲ್ಲಿ ಚಪ್ಪಲಿ ಬಿಡುವ ರೀತಿ ನೋಡಿಯೇ ಇವನು ಕೊಳ್ಳುವವನೋ ಬರೀ ಮಲಗಿ ಎದ್ದು ಹೋಗುವವನೋ ಹೇಳುವಷ್ಟು ಚುರುಕು. ಅಳಿಯ ಬಂದ ಮೇಲೆ "ನೀನ್ಯಾಕಮ್ಮ ಇನ್ನು ಅಂಗಡೀಲಿ ಒದ್ದಾಡ್ತೀಯ, ಗಂಡಸು ಬಂದಿದ್ದಾನಲ್ಲ" ಎಂದು ಅಪ್ಪ ಅವಳನ್ನು ಮನೆಯಲ್ಲಿ ಕೂರಿಸಿದರು. ಅವಳೇನೂ ಕೂರಲಿಲ್ಲ. ಒಳಗೊಳಗೇ ಕುದಿಯುತ್ತ ಓಡಾಡಿಕೊಂಡಿದ್ದಳು.

ಈಗ ಬಸ್ ನಿಲ್ದಾಣದ ಎದುರು ಯಜಮಾನರು ಎರಡನೇ ಅಂಗಡಿ ತೆರೆಯುವವರಿದ್ದರು. ಅದರ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ, ಬೀದಿಗೆ ತೆರೆಯುವ ಕಿಟಕಿ. ಗೋಡೆ ಇಟ್ಟಿಗೆಯದು, ಆಚೆ ಬದಿಗೆ ಯಾರೂ ಇಲ್ಲ. ಅಂಗಡಿ ಯಾರಿಗೆ ಒಪ್ಪಿಸುತ್ತಾರೋ ಅವರಿಗೆ ಆ ಮನೆಯೂ ಸೇರುವುದಿತ್ತು. ಗಂಡಹೆಂಡಿರಿಬ್ಬರೂ ಆ ಕೀಲಿಕೈಯ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದರು.

"ಕೀಲಿಕೈ ಒಂದು ನಿಮ್ಮ ಕೈಗೆ ಬರ್ಲಿ" ಎಂದು ಹೆಂಡತಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು, ಆ ಸದ್ದಿನ ಮರೆಯಲ್ಲಿ ಹೇಳುತ್ತಿದ್ದಳು. "ಹೆಸರಿಗೆ ನೀವು ನೋಡ್ಕೊಳ್ಳಿ. ಅಂಗಡಿ ಹೇಗೆ ನಡೆಸ್ಬೇಕು ಅಂತ ನಾನು ತೋರಿಸ್ತೀನಿ. ಈ ಮನೇಲಿ ಇನ್ನೊಂದು ವರ್ಷ ಇದ್ರೆ ನಾನು ಗೋಡೆಗೆ ತಲೆ ಚಚ್ಕೋತೀನಿ ಅಷ್ಟೇ."

ಇಷ್ಟು ಸರಳವಾಗಿದ್ದ ವಿಷಯದ ನಡುವೆ ಕತ್ತಿ ಎಲ್ಲಿಂದ ಬಂತು ಅಂತೀರಾ? ಡಾಕ್ಟರಿಂದ ಬಂತು.

ಯಜಮಾನರ ಎದೆ ಒಮ್ಮೆ ತಕರಾರು ತೆಗೆದಾಗ ಡಾಕ್ಟರು ದಿನಾ ನಡೆಯಿರಿ ಅಂದರು. ಬರೀ ನಡೆಯುವುದು ಯಜಮಾನರ ಅಂತಸ್ತಿಗೆ ಸಾಲಲಿಲ್ಲ; ಬೀದಿಯ ಸಿಕ್ಕಸಿಕ್ಕವರೆಲ್ಲ ನಡೆಯುತ್ತಾರೆ. ಯಾವುದೋ ಬೆಟ್ಟದ ಬುಡದ ಹೋಟೆಲಿನಲ್ಲಿ ಕತ್ತಿವರಸೆಯ ಒಂದು ವಾರದ ಶಿಬಿರ ಇದೆ ಎಂದು ಜಾಹೀರಾತು ನೋಡಿ ಅಲ್ಲಿಗೆ ಹೋದರು. ಹೋಗುವಾಗ ಹಾಸಿಗೆ ವ್ಯಾಪಾರಿ, ಬರುವಾಗ ಯೋಧ. ಕಂಕುಳಲ್ಲಿ ಬಟ್ಟೆ ಸುತ್ತಿದ ಮರದ ಕತ್ತಿ. ಒಳ್ಳೆ ಗಟ್ಟಿ ಮರದ್ದು, ಬೆನ್ನು ಒಂಚೂರು ಬಾಗಿದ್ದು, ಹಿಡಿಯ ಹತ್ತಿರ ಬಳೆಯಂಥ ಒಂದು ತಡೆ, ಅಂಚು ಮೊಂಡ. ಅಭ್ಯಾಸಕ್ಕೆಂದು ಮಾಡಿದ ಕತ್ತಿ ಅದು, ಬೆಣ್ಣೆಯನ್ನೂ ಕೊಯ್ಯಲಾರದು, ಆದರೆ ಬೀಸಿ ಬಿಟ್ಟರೆ ಮೂಳೆ ಮುರಿಯಬಲ್ಲದು. ಯಜಮಾನರು ಅದನ್ನು ದಿನಾ ಎಣ್ಣೆಬಟ್ಟೆಯಲ್ಲಿ ಒರೆಸುತ್ತಿದ್ದರು. ಅತ್ತೆಯ ಮಂಡಿಗೆ ಹಚ್ಚಲು ಎಣ್ಣೆ ಉಳಿಯುತ್ತಿರಲಿಲ್ಲ.

ಯೋಧನಿದ್ದ ಮೇಲೆ ಶಿಷ್ಯರು ಬೇಡವೇ? ಅಂಗಡಿಯ ಆಳುಕಾಳೆಲ್ಲ ಶಿಷ್ಯರಾದರು. ಬಾಗಿಲು ತೆಗೆಯುವ ಮೊದಲು ಬೆಳಿಗ್ಗೆ ಮಹಡಿಯ ಷೋರೂಮಿನಲ್ಲಿ, ಗೋಡೆಗೊರಗಿಸಿದ ಹಾಸಿಗೆಗಳ ನಡುವೆ ಅಭ್ಯಾಸ. ಹಾಸಿಗೆ ಹೊದಿಕೆಗೆ ತಂದು ಮಿಕ್ಕಿದ್ದ ಪಟ್ಟೆಪಟ್ಟೆ ಬಟ್ಟೆಯಲ್ಲೇ ಎಲ್ಲರಿಗೂ ಅಗಲ ಪಾಯಿಜಾಮ ಹೊಲಿಸಲಾಯಿತು, ಮುರಿದ ಮಂಚದ ಪಟ್ಟಿಗಳಲ್ಲಿ ಒಂದೊಂದು ಕತ್ತಿ ಕೆತ್ತಿಸಲಾಯಿತು. ಸಾಲಾಗಿ ನಿಂತರೆ ಯಾವುದು ಸರಕು, ಯಾರು ಸಿಬ್ಬಂದಿ ಎಂದು ಹೇಳುವುದು ಕಷ್ಟವಾಗುತ್ತಿತ್ತು.

"ಒದ್ದೆ ಬಟ್ಟೆ ಹಿಂಡೋ ಹಾಗೆ ಹಿಡೀರಿ" ಎಂದು ಯಜಮಾನರು ಗದರುತ್ತಿದ್ದರು. "ಎಡಗೈ ಕೆಳಗೆ, ಬಲಗೈ ಮೇಲೆ. ಪಾದ ಎತ್ತಬೇಡಿ, ಜಾರಿಸಿ. ಕೂಗು ಹೊಟ್ಟೆಯಿಂದ ಬರ್ಬೇಕು!"

ಜೀವಮಾನದಲ್ಲಿ ಒಂದು ಕರವಸ್ತ್ರವನ್ನೂ ಹಿಂಡದ ಹಿರಿಯ ಗುಮಾಸ್ತರೊಬ್ಬರು ಕತ್ತಿಯನ್ನು ಪೆನ್ನು ಹಿಡಿದಂತೆ ಹಿಡಿದು ಕೂಗುತ್ತಿದ್ದರು. ಅವರಿಗೆ ಬೆಳಿಗ್ಗೆ ಹೊಟ್ಟೆಯಲ್ಲಿ ಏನೂ ಇರುತ್ತಿರಲಿಲ್ಲ, ಕೂಗು ಮೂಗಿನಿಂದ ಬರುತ್ತಿತ್ತು. ಎದುರು ಮಹಡಿಯಲ್ಲಿ ಕುರ್ಚಿ ಅಂಗಡಿ ಇಟ್ಟಿದ್ದವನು, ಯಜಮಾನರ ಹಳೇ ಎದುರಾಳಿ, ಕಿಟಕಿಯಲ್ಲಿ ಟೀ ಲೋಟ ಹಿಡಿದು ನಿಂತು ಪುಕ್ಕಟೆ ಮನರಂಜನೆ ನೋಡುತ್ತಿದ್ದ.

ಎಲ್ಲ ಹೀಗೇ ನಡೆದಿದ್ದರೆ ಮೈಗೆ ಒಂದಿಷ್ಟು ವ್ಯಾಯಾಮವಾಗಿ ಮುಗಿದುಹೋಗುತ್ತಿತ್ತು. ಒಂದು ದಿನ ಯಜಮಾನರು ಅಳಿಯನನ್ನು ಎದುರಿಗೆ ನಿಲ್ಲಿಸಿಕೊಂಡು "ಹೆದರಬೇಡ, ತಲೆ ಹತ್ರ ಬಂದಾಗ ನಿಲ್ಲಿಸ್ತೀನಿ" ಎಂದು ಕತ್ತಿ ಎತ್ತಿ, ಹೊಟ್ಟೆಯಿಂದ ಕೂಗಿ, ಮುನ್ನುಗ್ಗಿದರು. ಮಾವನ ಕೈ ನಿಲ್ಲುತ್ತದೆಂಬ ನಂಬಿಕೆ ಅಳಿಯನಿಗೆ ಇರಲಿಲ್ಲ. ಒಂದು ಹೆಜ್ಜೆ ಹಿಂದೆ ಹೋದ. ಇನ್ನೊಂದು ಹೋದ. ಮೀನಖಂಡಕ್ಕೆ ಏನೋ ಮೆತ್ತಗೆ ತಾಗಿತು. ಮೈ ತನ್ನ ಕಸುಬು ಮಾಡಿತು. ಎರಡೂ ಕೈ ಚಾಚಿ ಅಂಗಾತ ಬಿದ್ದು, ಒಮ್ಮೆ ಚಿಮ್ಮಿ, ಮಲಗಿದ. ಪುಣ್ಯಕ್ಕೆ "ಮನೆಗೆ ಕಳಿಸ್ಲಾ?" ಎನ್ನುವುದೊಂದು ಬಾಯಿಗೆ ಬರಲಿಲ್ಲ.

ಯಜಮಾನರ ಕತ್ತಿ ಗಾಳಿಯಲ್ಲೇ ನಿಂತಿತ್ತು. ಅವರು ಕತ್ತಿಯನ್ನು ನೋಡಿದರು. ಅಳಿಯನನ್ನು ನೋಡಿದರು. ನಡುವಿನ ಜಾಗವನ್ನು ನೋಡಿದರು. ಅವರ ಮುಖದಲ್ಲಿ ಮೊದಲು ಆಶ್ಚರ್ಯ ಬಂತು, ಆಮೇಲೆ ಬೇರೇನೋ ಬಂತು. ಸಿಹಿ ತಿಂಡಿಯ ಡಬ್ಬಿ ಎಲ್ಲಿಟ್ಟಿದ್ದಾರೆಂದು ಕಂಡುಹಿಡಿದ ಮಗುವಿನ ಮುಖದಲ್ಲಿ ಬರುತ್ತದಲ್ಲ, ಅದು.

"ಮುಟ್ಟಲೇ ಇಲ್ಲ" ಅಂದರು ಮೆಲ್ಲಗೆ. ಆಮೇಲೆ "ಏಳು. ಇನ್ನೊಂದ್ಸಲ ನಿಂತ್ಕೋ, ನೋಡೋಣ" ಅಂದರು.

ಅಲ್ಲಿ ಆ ಗಳಿಗೆಯಲ್ಲಿ ಅಳಿಯ ಬಾಯಿ ಬಿಟ್ಟು "ಮಾವ, ಹಾಸಿಗೆ ಅಂಚು ತಾಗ್ತು ಅಷ್ಟೇ" ಅಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಮಾವನ ಮುಖದ ಆ ಸಂತೋಷ ಕಂಡು, ಬಸ್ ನಿಲ್ದಾಣದ ಎದುರಿನ ಕಿಟಕಿ ನೆನಪಾಗಿ, ಮಾತನ್ನು ನುಂಗಿಕೊಂಡ. ಎದ್ದು ನಿಂತ. ಯಜಮಾನರು ಕತ್ತಿ ಬೀಸಿದರು. ಈ ಸಲ ಯಾವ ಅಂಚೂ ತಾಗಲಿಲ್ಲ. ಬೇಕೆಂದೇ ಬಿದ್ದ.

ಮೊದಲು ಚಪ್ಪಾಳೆ ತಟ್ಟಿದವರು ಗುಮಾಸ್ತರು. ಮಾರನೇ ದಿನ ಬಿದ್ದವರೂ ಅವರೇ. ಅಂಗಡಿಯಲ್ಲಿ ಕೂದಲು ಹಣ್ಣು ಮಾಡಿಕೊಂಡ ಮನುಷ್ಯ. ಗಾಳಿ ಯಾವ ಕಡೆ ಬೀಸುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, ಮೊದಲು ಮಂಡಿಯೂರಿ, ಆಮೇಲೆ ಮೊಣಕೈ ಊರಿ, ಕಂತಿನಲ್ಲಿ ಬಿದ್ದರು. ಸರಕಿನ ಗಾಡಿಯ ಡ್ರೈವರ್ ಮಾತ್ರ ಕಂಬದ ಹಾಗೆ ನಿಂತಿದ್ದ.

"ನನಗೇನೂ ಆಗ್ಲಿಲ್ವಲ್ಲ ಯಜಮಾನ್ರೇ" ಅಂದ ಪಾಪ, ಸತ್ಯ ಹೇಳಿದರೆ ಬಹುಮಾನ ಕೊಡುತ್ತಾರೇನೋ ಎಂಬ ಧಾಟಿಯಲ್ಲಿ.

"ಮನಸ್ಸು ಮೊಂಡಾಗಿದ್ರೆ ಶಕ್ತಿ ಒಳಗೆ ಇಳಿಯೋಲ್ಲ" ಎಂದು ಯಜಮಾನರು ತಣ್ಣಗೆ ಹೇಳಿದರು. ಆ ವಾರವೆಲ್ಲ ಡ್ರೈವರನ ಪಾಲಿಗೆ ಲಿಫ್ಟಿಲ್ಲದ ಮಹಡಿಮನೆಗಳ ಡೆಲಿವರಿಯೇ ಬಂತು. ಮುಂದಿನ ವಾರ ಯಜಮಾನರು ಕತ್ತಿ ಎತ್ತುವ ಮೊದಲೇ, ಬರೀ ಗಂಟಲು ಸರಿಮಾಡಿಕೊಂಡಾಗಲೇ ಅವನು ಹಾರಿ ಬಿದ್ದ ರಭಸಕ್ಕೆ ಪಕ್ಕದಲ್ಲಿದ್ದ ನಿಲುವುಗನ್ನಡಿ ಬಿರುಕು ಬಿಟ್ಟಿತು. ಯಜಮಾನರು ಕನ್ನಡಿಯ ಬಗ್ಗೆ ಚಕಾರವೆತ್ತಲಿಲ್ಲ.

ಅಲ್ಲಿಂದ ಬೀಳುವುದರಲ್ಲೇ ಪೈಪೋಟಿ ಹುಟ್ಟಿತು. ರಜೆ ಬೇಕಾದವನು ಒಂದು ಉರುಳು ಜಾಸ್ತಿ ಉರುಳುತ್ತಿದ್ದ. ತಡವಾಗಿ ಬಂದವನು ಬಾಗಿಲಲ್ಲೇ ಬಿದ್ದು ಒಳಗೆ ಬರುತ್ತಿದ್ದ. ಯಜಮಾನರ ತಲೆಯಂತೂ ಮೋಡದ ಮೇಲೆ. ಬೀದಿನಾಯಿಯೊಂದನ್ನು ದುರುಗುಟ್ಟಿ ನೋಡಿ, ಅದು ತನ್ನ ಪಾಡಿಗೆ ತಾನು ಎದ್ದುಹೋದರೆ "ತಡ್ಕೊಳ್ಳೋಕಾಗ್ಲಿಲ್ಲ ಅದಕ್ಕೆ" ಅನ್ನುತ್ತಿದ್ದರು. ಮನೆಯಲ್ಲಿ ಅತ್ತೆಯ ಮೇಲೂ ಒಮ್ಮೆ ಸೌಟಿನಿಂದ ಪ್ರಯೋಗ ನಡೆಯಿತು. ಅತ್ತೆ ಬೀಳಲಿಲ್ಲ. "ಸೌಟು ತೊಳೆದಿಡಿ" ಅಂದರು. ಹೆಂಗಸರ ಮೇಲೆ ಈ ವಿದ್ಯೆ ನಡೆಯುವುದಿಲ್ಲವೆಂದು ಯಜಮಾನರು ತೀರ್ಮಾನಿಸಿದರು. ಆ ತೀರ್ಮಾನವನ್ನು ಅವರು ಮರೆಯದೆ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಳಿಯನ ಸೊಂಟ ಹಣ್ಣಾಗಿತ್ತು. ಗಿರಾಕಿಗೆ ಬೀಳುವುದು ಒಂದು, ಮಾವನಿಗೆ ಬೀಳುವುದು ಇನ್ನೊಂದು. ಹೆಂಡತಿ ನೋವಿನ ಮುಲಾಮು ತಿಕ್ಕುತ್ತ ಬೈಯುತ್ತಿದ್ದಳು.

"ನಮ್ಮಪ್ಪನ ತಲೆ ಕೆಡಿಸಿದ್ದು ನೀವೇ. ಮೊದಲನೇ ದಿನ ಬಿದ್ದಿದ್ದು ಸರಿ. ಎರಡನೇ ಸಲ ಯಾಕ್ರೀ ಬಿದ್ರಿ?"

"ಖುಷಿಯಾಗಿದ್ರಲ್ಲೇ ಪಾಪ."

"ಅವರ ಖುಷಿಗೆ ನಿಮ್ಮ ಸೊಂಟ ಯಾಕೆ? ನಾನು ಅಂಗಡೀಲಿದ್ದಾಗ ಯಾರ ಮುಂದೆನೂ ಹೀಗೆ ಬೀಳ್ತಿರ್ಲಿಲ್ಲ. ನಿಂತ್ಕೊಂಡೇ ಮಾರ್ತಿದ್ದೆ."

ಅವಳು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಜಾಸ್ತಿ ಉರಿಯಿತು.

ಹೊಸ ಅಂಗಡಿಯ ಆರಂಭಕ್ಕೆ ದಿನ ಗೊತ್ತಾಯಿತು. ಯಜಮಾನರು ಅಳಿಯನನ್ನು ಗಲ್ಲಾದ ಬಳಿ ಕರೆದು, ಹೊಸ ಬೀಗದ ಕೀಲಿಕೈ ಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತ ಕೂರಿಸಿಕೊಂಡರು.

"ನೋಡು, ಅವತ್ತು ಬೀದಿಯ ವ್ಯಾಪಾರಿಗಳೆಲ್ಲ ಬರ್ತಾರೆ. ರಿಬ್ಬನ್ ಕತ್ತರಿಸೋದು ಎಲ್ಲರೂ ಮಾಡ್ತಾರೆ. ನಾವು ನಮ್ಮ ವಿದ್ಯೆ ತೋರಿಸೋಣ. ನಾನು ಬರಿಗೈಲಿ ಕಣ್ಣು ಮುಚ್ಕೊಂಡು ನಿಂತಿರ್ತೀನಿ. ಕತ್ತಿ ನಿನ್ನ ಕೈಲಿ. ನಿಜವಾಗಿ ಹೊಡೀಬೇಕು, ನಾಟಕ ಮಾಡ್ಬಾರ್ದು. ನೀನು ಹೇಗಿದ್ರೂ ನನ್ನ ಹತ್ರ ಬರೋಷ್ಟರಲ್ಲಿ ಬಿದ್ದಿರ್ತೀಯ. ಎದ್ದ ಕೂಡಲೇ ಎಲ್ಲರ ಮುಂದೆ ಕೀಲಿಕೈ ನಿನಗೆ ಕೊಡ್ತೀನಿ."

ನಿಜವಾಗಿ ಹೊಡೆಯಬೇಕೆಂದಾಗ ಅಳಿಯ ಗಾಬರಿಯಾದ, ಮರುಕ್ಷಣ ಹಗುರಾದ. ಬೀಳುವುದು ತಾನೇ? ಅದೊಂದು ಅವನಿಗೆ ಬರುತ್ತಿತ್ತು.

ಹೆಂಡತಿಗೂ ಒಪ್ಪಿಗೆಯಾಯಿತು. ನಲ್ಲಿ ತಿರುಗಿಸಿ, ನೀರಿನ ಸದ್ದಿನ ನಡುವೆ ಅವನ ಅಂಗಿಯ ಕಾಲರು ಹಿಡಿದುಕೊಂಡು ಹೇಳಿದಳು: "ಇದೊಂದ್ಸಲ ಬಿದ್ದುಬಿಡಿ. ಚೆನ್ನಾಗಿ ಬೀಳಿ. ಆಮೇಲೆ ಜೀವಮಾನದಲ್ಲಿ ಯಾರ ಮುಂದೆನೂ ಬೀಳೋ ಹಾಗಿಲ್ಲ. ನನ್ನಾಣೆ."

ಅವನು ಆಣೆ ಇಟ್ಟ. ಮನಸ್ಸಿನಿಂದಲೇ ಇಟ್ಟ, ಪಾಪ.

ಆರಂಭದ ದಿನ ಹೊಸ ಅಂಗಡಿಯಲ್ಲಿ ಹೊಸ ಬಣ್ಣದ ವಾಸನೆ, ಹಾಸಿಗೆಗಳ ಪ್ಲಾಸ್ಟಿಕ್ಕಿನ ಪರಪರ ಸದ್ದು. ನಡುವೆ ಜಾಗ ಬಿಡಿಸಿ, ಸುತ್ತ ಹಾಸಿಗೆ ಹಾಸಿ, ಅದರಾಚೆ ಬಂದವರಿಗೆ ಕುರ್ಚಿ ಹಾಕಿದ್ದರು. ಕುರ್ಚಿಗಳನ್ನು ಬಾಡಿಗೆಗೆ ತಂದಿದ್ದು ಹಳೇ ಅಂಗಡಿಯ ಎದುರಿನ ಕುರ್ಚಿಯವನ ಬಳಿಯಿಂದಲೇ, ಹಾಗಾಗಿ ಅವನು ಮುಂದಿನ ಸಾಲಿನಲ್ಲೇ ಕಾಲು ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಸಿಬ್ಬಂದಿಯೆಲ್ಲ ಪಟ್ಟೆ ಪಾಯಿಜಾಮದಲ್ಲಿ ಹಾಸಿಗೆಗಳ ಅಂಚಿಗೆ ಸಾಲಾಗಿ ನಿಂತಿದ್ದರು. ಹೆಂಡತಿ ಬಾಗಿಲ ಬಳಿ, ಮುಟ್ಟಿದರೆ ಮಿಡಿಯುವಂತೆ ಬಿಗಿದುಕೊಂಡು ನಿಂತಿದ್ದಳು. ಕೀಲಿಕೈ ಗೊಂಚಲು ತಟ್ಟೆಯೊಂದರಲ್ಲಿ ಎಲ್ಲರಿಗೂ ಕಾಣುವಂತಿತ್ತು.

ಯಜಮಾನರು ಮೊದಲು ಭಾಷಣ ಬಿಗಿದರು. ಶಕ್ತಿ ತೋಳಿನಲ್ಲಿಲ್ಲ, ಮನಸ್ಸಿನಲ್ಲಿದೆ ಅಂದರು. ಒಳ್ಳೆಯ ಹಾಸಿಗೆಯಲ್ಲಿ ಮಲಗಿದವನ ಮನಸ್ಸು ಗಟ್ಟಿಯಾಗಿರುತ್ತದೆ ಎಂದೂ ಸೇರಿಸಿದರು, ವ್ಯಾಪಾರ ಮರೆಯುವವರಲ್ಲ. ಆಮೇಲೆ "ಬನ್ನಿ ಅಳಿಯಂದ್ರೇ" ಎಂದು ಕರೆದರು. ಜನರ ಮುಂದೆ ಮಾತ್ರ ಅವನಿಗೆ ಬಹುವಚನ ಸಿಗುತ್ತಿತ್ತು.

ಅಳಿಯ ಕತ್ತಿ ಹಿಡಿದು ಒಂದು ಹೆಜ್ಜೆ ಇಟ್ಟಿದ್ದನಷ್ಟೇ, ಮುಂದಿನ ಸಾಲಿನಿಂದ ಕುರ್ಚಿಯವನ ನಗು ಕೇಳಿತು.

"ಅಲ್ಲ ಸ್ವಾಮಿ, ನಾನು ದಿನಾ ಕಿಟಕೀಲಿ ನೋಡ್ತೀನಲ್ಲ. ಅಳಿಯ ಮಾವನ ಮುಂದೆ ಬೀಳದೆ ಇನ್ನೇನು ಮಾಡ್ತಾನೆ? ಸಂಬಳ ಕೊಡೋರ ಮುಂದೆ ನಮ್ಮ ಹುಡುಗರೂ ಬೀಳ್ತಾರೆ, ಅದಕ್ಕೆ ಕತ್ತಿ ಬೇಕಾ? ಹೊರಗಿನವರು ಯಾರಾದ್ರೂ ಹೊಡೀಲಿ, ಆಗ ನೋಡೋಣ."

ಜನ ಘೊಳ್ಳೆಂದರು. ಯಜಮಾನರ ಕಿವಿ ಕೆಂಪಾಯಿತು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು, ಆದರೆ ತನ್ನ ಶಕ್ತಿಯನ್ನು ತಾನೇ ನಂಬಿದ ಮನುಷ್ಯನಿಗೆ ಹಿಂದೆ ಸರಿಯುವ ದಾರಿ ಕಾಣುವುದಿಲ್ಲ.

"ಯಾರು ಬೇಕಾದ್ರೂ ಬರ್ಲಿ!" ಅಂದರು. "ನೀನೇ ಬಾರಯ್ಯ."

ಕುರ್ಚಿಯವನು ಎದ್ದ. ಆಳು ಬಾಗಿಲಿನಷ್ಟು ಅಗಲ. ಕೈಗಡಿಯಾರ ಬಿಚ್ಚಿ ಪಕ್ಕದವನ ಕೈಗೆ ಕೊಟ್ಟು, ಅಂಗಿಯ ತೋಳು ಮಡಚಿಕೊಂಡ. ವರ್ಷಗಳ ವ್ಯಾಪಾರದ ಹಗೆ ಆ ತೋಳಲ್ಲಿ ಉಬ್ಬಿ ನಿಂತಿತ್ತು. ಯಜಮಾನರು ಆಗಲೇ ಕಣ್ಣು ಮುಚ್ಚಿ, ಬೋಳುತಲೆ ಮುಂದೆ ಮಾಡಿ, ಮುಗುಳ್ನಗುತ್ತ ನಿಂತುಬಿಟ್ಟಿದ್ದರು.

ಎಲ್ಲರೂ ಅಳಿಯನ ಕಡೆ ನೋಡಿದರು. ಕತ್ತಿ ಅವನ ಕೈಯಲ್ಲಿತ್ತು. ಕೊಡುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಮಾವ, ನಿಮ್ಮ ತಲೆ ಒಡೆಯುತ್ತೆ, ಇದೆಲ್ಲ ಸುಳ್ಳು, ಶುರುಮಾಡಿದವನು ನಾನೇ ಎನ್ನಬೇಕಾಗಿತ್ತು. ಅವನು ಮಾವನ ತಲೆ ನೋಡಿದ, ತಟ್ಟೆಯಲ್ಲಿದ್ದ ಕೀಲಿಕೈ ನೋಡಿದ, ಕೊನೆಗೆ ತನ್ನ ಕಾಲಬೆರಳು ನೋಡುತ್ತ ನಿಂತ.

ಬಾಗಿಲ ಬಳಿಯಿಂದ ಹೆಂಡತಿ ಜನರನ್ನು ಸರಿಸಿಕೊಂಡು ಬಂದಳು.

"ನಾನು ಹೊಡೀತೀನಪ್ಪ" ಅಂದಳು ಎಲ್ಲರಿಗೂ ಕೇಳುವಂತೆ. "ನನಗೆ ನೀವು ಸಂಬಳ ಕೊಡಲ್ವಲ್ಲ. ನಾನು ಹೊರಗಿನವಳೇ ಅಂತ ಇಟ್ಕೊಳ್ಳಿ."

ಗಂಡನ ಕೈಯಿಂದ ಕತ್ತಿ ಕಿತ್ತುಕೊಳ್ಳುವಾಗ ಅವನಿಗೆ ಮಾತ್ರ ಕೇಳುವಂತೆ "ನಾನೇ ಬಿದ್ದುಬಿಡ್ತೀನಿ, ಸುಮ್ನಿರಿ" ಅಂದಳು. ಅವಳ ಮನಸ್ಸಿನಲ್ಲಿದ್ದದ್ದು ಅಷ್ಟೇ. ಅಪ್ಪನ ತಲೆ ಉಳಿಯಬೇಕು, ಕೀಲಿಕೈ ಉಳಿಯಬೇಕು. ಕುರ್ಚಿಯವನು ಹೆಂಗಸಿನ ಮುಂದೆ ಏನೂ ಮಾಡಲಾಗದೆ ಗೊಣಗುತ್ತ ಕೂತ.

ಅವಳು ಕತ್ತಿ ಎತ್ತಿದಳು. ಇನ್ನೇನು ಬೀಳಬೇಕು, ಅಷ್ಟರಲ್ಲಿ ಯಜಮಾನರಿಗೆ ಕಣ್ಣು ಮುಚ್ಚಿಕೊಂಡೇ ಮಾತಾಡುವ ಹುಕಿ ಬಂತು.

"ನನ್ನ ಮಗಳು" ಎಂದು ಜನರಿಗೆ ಪರಿಚಯ ಮಾಡಿಸಿದರು. "ಪಾಪ, ಇದಕ್ಕೆ ಕತ್ತಿ ಹಿಡಿಯೋದೂ ಗೊತ್ತಿಲ್ಲ. ಅಂಗಡಿ ಒಳಗೆ ಕಾಲಿಟ್ಟು ಎಷ್ಟೋ ವರ್ಷ ಆಯ್ತು. ಮನೇಲಿ ಆರಾಮಾಗಿದೆ. ಇವಕ್ಕೆಲ್ಲ ಇದು ಯಾಕೆ ಹೇಳಿ. ಹೊಡಿಯಮ್ಮ, ಹೊಡಿ. ಹೆದರಬೇಡ."

ಅವಳು ಹೆದರಲಿಲ್ಲ. ಒದ್ದೆ ಬಟ್ಟೆ ಹಿಂಡುವ ಹಾಗೆ ಹಿಡಿಯುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ; ಆ ಮನೆಯ ಬಟ್ಟೆಯನ್ನೆಲ್ಲ ಹಿಂಡಿದ ಕೈ ಅದು. ಟಕ್ ಎಂದು ಬಾಗಿಲು ತಟ್ಟಿದಂಥ ಸದ್ದು ಕೇಳಿತು.

ಯಜಮಾನರು ಕಣ್ಣು ತೆರೆದರು. ಏನೋ ಲೆಕ್ಕ ತಪ್ಪಿದೆಯಲ್ಲ ಎಂಬಂತೆ ಮಗಳನ್ನು ನೋಡಿದರು. ಆಮೇಲೆ ಮಂಡಿ ಕುಸಿದು, ಹಿಂದಿದ್ದ ಹಾಸಿಗೆಯ ಮೇಲೆ ಕೂತು, ಕೂತಲ್ಲಿಂದ ಮೆಲ್ಲಗೆ ಮಲಗಿದರು.

ಯಜಮಾನರು ಮಲಗಿದ್ದಾರೆ, ಸಿಬ್ಬಂದಿ ನಿಂತಿದ್ದಾರೆ! ಇಂಥ ಅವಿಧೇಯತೆ ಆ ಅಂಗಡಿಯ ಚರಿತ್ರೆಯಲ್ಲೇ ನಡೆದಿರಲಿಲ್ಲ. ಗುಮಾಸ್ತರು ಆ ಕಡೆ ನೋಡಿದರು, ಈ ಕಡೆ ನೋಡಿದರು, ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಮಂಡಿಯೂರಿ, ಮೊಣಕೈ ಊರಿ, ಬಿದ್ದರು. ಡ್ರೈವರ್ ಹಾರಿ ಬಿದ್ದ. ಆಮೇಲೆ ಸಾಲಿಗೆ ಸಾಲೇ ದಬದಬನೆ ಉರುಳಿತು. ಪಟ್ಟೆ ಪಾಯಿಜಾಮಗಳು ಪಟ್ಟೆ ಹಾಸಿಗೆಗಳ ಮೇಲೆ ಬಿದ್ದುಕೊಂಡು ಕಣ್ಣು ಮುಚ್ಚಿದವು.

ಹೆಂಡತಿ ಕತ್ತಿ ಹಿಡಿದು ನಡುವೆ ಒಬ್ಬಳೇ ನಿಂತಿದ್ದಳು. ತಿರುಗಿ ಗಂಡನನ್ನು ಹುಡುಕಿದಳು. ಅವನು ಗುಮಾಸ್ತರ ಪಕ್ಕದಲ್ಲಿ ಎರಡೂ ಕೈ ಚಾಚಿ ಅಂಗಾತ ಮಲಗಿದ್ದ.

ಮೊದಲು ಎದ್ದವರು ಯಜಮಾನರೇ. ನೆತ್ತಿಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟು ಎದ್ದಿತ್ತು. ಅದನ್ನು ಸವರಿಕೊಳ್ಳುತ್ತ ಸುತ್ತ ನೋಡಿದರು. ತಮ್ಮ ಆಳುಗಳೆಲ್ಲ ಹಾಸಿಗೆಗೆ ಅಂಟಿದ್ದನ್ನು ಕಂಡರು. ಆ ಮುಖದಲ್ಲಿ ನಾಚಿಕೆಯೋ ಸಿಟ್ಟೋ ಬರುತ್ತದೆಂದು ಕುರ್ಚಿಯವನು ಬಾಯಿ ತೆರೆದುಕೊಂಡು ಕಾಯುತ್ತಿದ್ದ. ಅವನಿಗೆ ಯಜಮಾನರು ಗೊತ್ತೇ ಇರಲಿಲ್ಲ ಅನ್ನಿ.

"ನೋಡಿದ್ರಾ!" ಎಂದು ಕೂಗಿದರು, ಈ ಸಲ ನಿಜವಾಗಿಯೂ ಹೊಟ್ಟೆಯಿಂದ. "ಪೆಟ್ಟು ಬಿದ್ದಿದ್ದು ನನಗೊಬ್ಬನಿಗೆ, ಬಿದ್ದಿದ್ದು ಅಂಗಡಿಗೆ ಅಂಗಡಿ! ನಾನು ಬೀಳ್ತಾ ಬೀಳ್ತಾ ಇಷ್ಟು ಜನಾನ ಬೀಳಿಸಿದೀನಿ! ನಿಂತಿರೋದು ಯಾರು? ನನ್ನ ಮಗಳು! ನನ್ನ ರಕ್ತ! ನನ್ನ ಶಕ್ತಿ ಇವಳಿಗೆ ಹೋಗಿದೆ!"

ಜನಕ್ಕೆ ಇನ್ನೇನು ಬೇಕು? ಚಪ್ಪಾಳೆ ಬಿತ್ತು. ಬಿದ್ದವರೂ ಮಲಗಿದಲ್ಲಿಂದಲೇ ಚಪ್ಪಾಳೆ ತಟ್ಟಿದರು. ಯಜಮಾನರು ತಟ್ಟೆಯಿಂದ ಕೀಲಿಕೈ ಗೊಂಚಲು ಎತ್ತಿ ಮಗಳ ಕೈಗೆ ಹಾಕಿದರು. "ಕತ್ತೀನೂ ನೀನೇ ಇಟ್ಕೋ" ಅಂದರು. ಅಳಿಯನ ನೆನಪು ಆಮೇಲೆ ಬಂತು. ಎಬ್ಬಿಸಿ, ಬೆನ್ನು ತಟ್ಟಿ, "ನೀನೂ ಹೋಗು, ಅವಳ ಅಂಗಡೀಲಿ ಬಿದ್ದು ತೋರಿಸೋಕೆ ಒಬ್ಬರು ಬೇಕಲ್ಲ" ಅಂದರು. ಬಹುವಚನ ಜಾರಿಹೋಗಿತ್ತು.

ಅವರು ಸಾಮಾನು ಸಾಗಿಸಿದ್ದು ಒಂದು ಭಾನುವಾರ. ಎರಡು ಕೋಣೆಯಲ್ಲೂ ಬಿಸಿಲು ಬಿದ್ದಿತ್ತು. ಕಿಟಕಿಯ ಕೆಳಗೆ ಬಸ್ಸುಗಳ ಸದ್ದು. ಗೋಡೆಯಾಚೆ ಕೆಮ್ಮುವವರು ಯಾರೂ ಇಲ್ಲ, ಎಷ್ಟು ಜೋರಾಗಿ ಬೇಕಾದರೂ ಮಾತಾಡಬಹುದಾಗಿತ್ತು. ಬೆಳಗಿನಿಂದ ಹೆಂಡತಿ ಮಾತಾಡಿರಲಿಲ್ಲ. ಮಂಚದ ಮೇಲೆ ಹೊಸ ಹಾಸಿಗೆ ಹಾಸಿ, ಪ್ಲಾಸ್ಟಿಕ್ಕು ಹರಿದು ಹಾಕಿ, ಕೊನೆಗೆ ಅವನ ಕಡೆ ತಿರುಗಿದಳು.

"ಒಂದು ಕೇಳ್ಲಾ? ನಾನು ಹೊಡೆದಿದ್ದು ಅಪ್ಪಂಗೆ. ನೀವ್ಯಾಕ್ರೀ ಬಿದ್ರಿ?"

"ಎಲ್ಲರೂ ಬಿದ್ರಲ್ಲೇ."

"ಎಲ್ಲರೂ ಸಂಬಳಕ್ಕೆ ಬಿದ್ರು. ನೀವು?"

ಬಿದ್ದಿದ್ದು ಅವನಿಗೇ ಗೊತ್ತಾಗಿರಲಿಲ್ಲ, ಎದ್ದಾಗಲೇ ಗೊತ್ತಾಗಿದ್ದು. ಅದನ್ನು ಹೇಳಲು ನಾಚಿಕೆಯಾಗಿ, ಹರಿದು ಬಿದ್ದಿದ್ದ ಪ್ಲಾಸ್ಟಿಕ್ಕು ಹೆಕ್ಕಿ ಮಡಚಿದ.

"ಹೋಗ್ಲಿ ಬಿಡಿ" ಅಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು, ಅದರಿಂದ ಅವನಿಗೆ ಇನ್ನೂ ನೋವಾಯಿತು. "ಇನ್ಮೇಲೆ ಯಾರೂ ಇಲ್ಲವಲ್ಲ ಬೀಳಿಸೋಕೆ."

ಸೂರಿನ ಮೂಲೆಯಲ್ಲಿ ಜೇಡರಬಲೆ ಜೋತಾಡುತ್ತಿತ್ತು. ಪೊರಕೆ ಇನ್ನೂ ಯಾವ ಗಂಟಿನಲ್ಲಿತ್ತೋ. ಅವಳು ಗೋಡೆಗೊರಗಿಸಿದ್ದ ಮರದ ಕತ್ತಿ ಎತ್ತಿಕೊಂಡು, ಬಲೆ ತೆಗೆಯಲೆಂದು ತಲೆಯ ಮೇಲೆ ಎತ್ತಿದಳು. ಅವಳಿಗೆ ದಾರಿ ಬಿಡಲು ಅವನು ಒಂದು ಹೆಜ್ಜೆ ಹಿಂದೆ ಸರಿದ. ಮೀನಖಂಡಕ್ಕೆ ಏನೋ ಮೆತ್ತಗೆ ತಾಗಿತು.

ಹೊಸ ಸ್ಪ್ರಿಂಗು ಒಳ್ಳೆಯದಿತ್ತು. ಅವನು ಒಮ್ಮೆ ಚಿಮ್ಮಿ, ಇಳಿದು, ಮಲಗಿದ.

ಅವಳು ಎತ್ತಿದ ಕತ್ತಿಯನ್ನು ಹಾಗೇ ಹಿಡಿದು ನಿಂತಳು. ಮೊದಲು ಸಿಟ್ಟು ಬಂದಿತ್ತು, ತುಟಿಯವರೆಗೂ ಬೈಗುಳ ಬಂದಿತ್ತು. ಅವನು ಕಾಯುತ್ತಿದ್ದ. ಬೈದರೆ ಚೆನ್ನಾಗಿತ್ತು. ಆದರೆ ಅವಳು ಕತ್ತಿಯನ್ನು ನೋಡಿದಳು. ಗಂಡನನ್ನು ನೋಡಿದಳು. ನಡುವಿನ ಜಾಗವನ್ನು ನೋಡಿದಳು. ಆ ಮುಖದಲ್ಲಿ ಬಂದದ್ದನ್ನು ಅವನು ಹಿಂದೊಮ್ಮೆ ಇನ್ನೊಬ್ಬರ ಮುಖದಲ್ಲಿ ಕಂಡಿದ್ದ, ತಕ್ಷಣ ಗುರುತು ಹಿಡಿದ.

"ಮುಟ್ಟಲೇ ಇಲ್ಲ" ಅಂದಳು ಮೆಲ್ಲಗೆ. ಆಮೇಲೆ "ಏಳಿ. ಇನ್ನೊಂದ್ಸಲ ನಿಂತ್ಕೊಳ್ಳಿ, ನೋಡೋಣ" ಅಂದಳು.

ಅವನು ಎದ್ದು ನಿಂತ. ಹಾಸಿಗೆಯ ಅಂಚು ಹಿಂದೆಯೇ ಇದೆಯೋ ಇಲ್ಲವೋ ಎಂದು ಕಾಲಿನಿಂದ ಒಮ್ಮೆ ಮುಟ್ಟಿ ನೋಡಿಕೊಂಡ.